ಪುಟ್ಟ ಪರದೆಯ ಟೆನಿಸ್

ವಿಡಿಯೋ ಗೇಮ್ ಆಡುವವರ ಕೈಯಲ್ಲಿ ಗುಂಡಿಗಳಿರುವ ಪೆಟ್ಟಿಗೆಯನ್ನು ನೋಡಿದ್ದೀರಾ? ಅಂಥದ್ದನ್ನು ಮೊದಮೊದಲು ಮಾಡಿದವರಲ್ಲಿ ಅಮೆರಿಕದ ವಿಲಿಯಂ ಹಿಗಿನ್‌ಬಾಥಮ್ ಒಬ್ಬರು.

1910ರಲ್ಲಿ ಜನಿಸಿದ ಈ ಭೌತವಿಜ್ಞಾನಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಣುಬಾಂಬಿನ ಎಲೆಕ್ಟ್ರಾನಿಕ್ ಮಂಡಲಗಳನ್ನು ರೂಪಿಸಿದ್ದರು. 1945ರಲ್ಲಿ ಹಿರೋಷಿಮಾ, ನಾಗಸಾಕಿ ನಗರಗಳು ಸುಟ್ಟುಹೋದವು. ಆಮೇಲೆ ಅವರು ಇತರ ವಿಜ್ಞಾನಿಗಳೊಡನೆ ಸಂಘ ಕಟ್ಟಿ, ಅಣ್ವಸ್ತ್ರ ಹರಡದಂತೆ ತಡೆಯಲು ದುಡಿದರು.

ಮುಂದೆ ಬ್ರೂಕ್‌ಹೇವನ್ ಪ್ರಯೋಗಾಲಯ ಸೇರಿದರು. ಪ್ರದರ್ಶನದ ದಿನ ಬರುವ ಜನರಿಗೆ ಸುಮ್ಮನೆ ನಿಂತ ಉಪಕರಣಗಳು ಬೇಸರ ತರಿಸುತ್ತಿದ್ದವು. ಅಲ್ಲಿದ್ದ ಒಂದು ಸಣ್ಣ ಗಣಕ ಕ್ಷಿಪಣಿಯ ಹಾದಿಯನ್ನು ಲೆಕ್ಕ ಹಾಕಬಲ್ಲದಾಗಿತ್ತು. ಚೆಂಡಿಗೂ ಅದೇ ಲೆಕ್ಕವಲ್ಲವೇ? ಗಣಕವನ್ನು ವಿದ್ಯುತ್ತಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿಗೆ ಜೋಡಿಸಿದರು. ಇಬ್ಬರು ಆಟಗಾರರಿಗೂ ಒಂದೊಂದು ಪೆಟ್ಟಿಗೆ. ನಿಮ್ಮ ಮನೆಯ ರೇಡಿಯೋದಲ್ಲಿ ಧ್ವನಿ ಏರಿಸುವಂಥ ತಿರುಗಣಿ ತಿರುಗಿಸಿದರೆ ಚೆಂಡು ಹೋಗುವ ಕೋನ ಬದಲಾಗುತ್ತಿತ್ತು; ಗುಂಡಿ ಒತ್ತಿದರೆ ಹೊಡೆತ!

1958ರ ಅಕ್ಟೋಬರಿನಲ್ಲಿ ಐದೇ ಅಂಗುಲದ ಪರದೆಯ ಮುಂದೆ ಜನ ಸಾಲುಗಟ್ಟಿದರು. ಮರುವರ್ಷ ಗುರುತ್ವದ ಸೆಳೆತ ಬದಲಿಸಿ ಚಂದ್ರನ ಮೇಲಿನ, ಗುರುಗ್ರಹದ ಮೇಲಿನ ಟೆನಿಸನ್ನೂ ಆಡಿಸಿದರು. ಗುರುಗ್ರಹದಲ್ಲಿ ಚೆಂಡನ್ನು ನೆಟ್ ದಾಟಿಸುವುದು ಎಷ್ಟು ಕಷ್ಟ, ಯೋಚಿಸಿ! ಆಮೇಲೆ ಆಟವನ್ನು ಬಿಚ್ಚಿ, ಭಾಗಗಳನ್ನು ಬೇರೆ ಕೆಲಸಕ್ಕೆ ಬಳಸಿಕೊಂಡರು. ಪೇಟೆಂಟ್ ಪಡೆಯಲಿಲ್ಲ.

ಹಿಗಿನ್‌ಬಾಥಮ್ 1994ರಲ್ಲಿ ತೀರಿಕೊಂಡರು. ಜನ ತಮ್ಮನ್ನು ಆಟಕ್ಕಾಗಿ ಅಲ್ಲ, ಅಣ್ವಸ್ತ್ರ ತಡೆಯಲು ಮಾಡಿದ ಕೆಲಸಕ್ಕಾಗಿ ನೆನೆಯಲಿ ಎಂಬುದು ಅವರ ಆಸೆಯಾಗಿತ್ತು.