ರೋಗಿಯ ಮಾತಿಗೆ ಕಿವಿಗೊಟ್ಟ ವೈದ್ಯ: ರಾಬರ್ಟ್ ಬಾರಾನಿ

ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಕಿವಿಯ ವೈದ್ಯನೊಬ್ಬನ ಜೀವನವನ್ನು ಬರೆಯಹೊರಟಿರುವುದು ಕೆಲವು ಮಿತ್ರರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕಲಿಯುವವನ ಮನಸ್ಸು ಹೇಗಿರಬೇಕೆಂಬುದಕ್ಕೆ ಈತನ ಬಾಳಿಗಿಂತ ಒಳ್ಳೆಯ ನಿದರ್ಶನವನ್ನು ನಾನು ಓದಿಲ್ಲ.

ರಾಬರ್ಟ್ ಬಾರಾನಿ 1876ನೆಯ ಇಸವಿ ಏಪ್ರಿಲ್ 22ರಂದು ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಜನಿಸಿದನು. ಆರು ಮಕ್ಕಳಲ್ಲಿ ಈತನೇ ಹಿರಿಯನು. ಎಳವೆಯಲ್ಲಿಯೇ ಮೂಳೆಯ ಕ್ಷಯ ತಗುಲಿ ಒಂದು ಮೊಣಕಾಲು ಶಾಶ್ವತವಾಗಿ ಬಗ್ಗದಂತಾಯಿತು. ಆದರೂ ಟೆನಿಸ್ ಆಟವನ್ನಾಗಲಿ ಬೆಟ್ಟದ ತಿರುಗಾಟವನ್ನಾಗಲಿ ಬಿಡಲಿಲ್ಲ. 1900ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದು, ಜರ್ಮನಿಯ ಫ್ರಾಂಕ್‌ಫರ್ಟ್, ಹೈಡೆಲ್‌ಬರ್ಗ್, ಫ್ರೈಬರ್ಗ್ ನಗರಗಳ ಚಿಕಿತ್ಸಾಲಯಗಳಲ್ಲಿ ಕಲಿತನು. ಅನಂತರ ಊರಿಗೆ ಮರಳಿ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದು, 1903ರಲ್ಲಿ ಆಡಮ್ ಪೊಲಿಟ್ಸರನ ಕಿವಿಯ ಚಿಕಿತ್ಸಾಲಯವನ್ನು ಸೇರಿದನು. ಪೊಲಿಟ್ಸರನ ಬಳಿ ಕಲಿಯಲು ನಾನಾ ದೇಶಗಳ ತರುಣ ವೈದ್ಯರು ಬರುತ್ತಿದ್ದರು.

ಅಲ್ಲಿ ಬಾರಾನಿಯ ಪಾಲಿಗೆ ಬಂದ ನಿತ್ಯದ ಕೆಲಸಗಳಲ್ಲಿ ಒಂದು, ರೋಗಿಗಳ ಕಿವಿಯನ್ನು ಪಿಚಕಾರಿಯ ನೀರಿನಿಂದ ತೊಳೆಯುವುದು. ಹಾಗೆ ತೊಳೆದಾಗ ಅನೇಕರಿಗೆ ತಲೆಸುತ್ತು ಬರುತ್ತಿತ್ತು. ಬಾರಾನಿ ಅವರ ಕಣ್ಣುಗಳನ್ನು ನೋಡಿದನು. ಕಣ್ಣುಗುಡ್ಡೆಗಳು ಒಂದು ಪಕ್ಕಕ್ಕೆ ಅದುರುತ್ತಿದ್ದವು. ನೀರು ತಣ್ಣಗಿದ್ದಾಗ ಮಾತ್ರ ತನಗೆ ಹೀಗಾಗುವುದೆಂದು ರೋಗಿಯೊಬ್ಬನು ತಿಳಿಸಿದನು. ಬಿಸಿನೀರು ತರಿಸಲು, ಅದು ತುಸು ಹೆಚ್ಚೇ ಬಿಸಿಯಾಗಿತ್ತು. ರೋಗಿಗೆ ಮತ್ತೆ ತಲೆ ಸುತ್ತಿತು. ಆದರೆ ಈ ಸಲ ಕಣ್ಣುಗಳು ಎದುರು ದಿಕ್ಕಿಗೆ ಅದುರಿದವು!

ಇದಕ್ಕೆ ಕಾರಣವೇನು? ನಮ್ಮ ಬಚ್ಚಲಮನೆಯ ಹಂಡೆಯಲ್ಲಿ ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವುದಿಲ್ಲವೆ? ಒಳಗಿವಿಯ ಅರ್ಧವೃತ್ತಾಕಾರದ ನಾಳದೊಳಗಿನ ದ್ರವವೂ ಹಾಗೆಯೇ ಚಲಿಸಿ, ತಲೆ ತಿರುಗುತ್ತಿದೆಯೆಂಬ ಭ್ರಮೆಯನ್ನು ಮಿದುಳಿಗೆ ಉಂಟುಮಾಡುವುದೆಂದು ಬಾರಾನಿ ತರ್ಕಿಸಿದನು. 1983ರಲ್ಲಿ ವ್ಯೋಮನೌಕೆಯೊಂದರಲ್ಲಿ, ಭಾರವೇ ಇಲ್ಲದ ಸ್ಥಿತಿಯಲ್ಲಿಯೂ ಕಣ್ಣುಗಳು ಹೀಗೆ ಅದುರಿದವು. ಆದ್ದರಿಂದ ಈ ವಿವರಣೆಯೊಂದೇ ಸಾಲದೆಂದು ಈಗ ತಿಳಿದಿದೆ. ಪರೀಕ್ಷೆ ಮಾತ್ರ ಉಳಿದುಕೊಂಡಿದೆ.

ಆ ಪರೀಕ್ಷೆಯ ಬೆಲೆಯನ್ನು ತಿಳಿಯಬೇಕಾದರೆ ಆ ಕಾಲವನ್ನು ನೆನೆಯಬೇಕು. ಸೋರುವ ಕಿವಿಯ ಸೋಂಕು ಒಳಗಿವಿಗೆ ಹಬ್ಬಿ, ಅಲ್ಲಿಂದ ಮಿದುಳಿನ ಪೊರೆಯನ್ನು ಮುಟ್ಟಿದರೆ ರೋಗಿ ಉಳಿಯುವುದು ದುರ್ಲಭ. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ಒಳಗಿವಿ ಕೆಲಸ ಮಾಡುತ್ತಿದೆಯೋ ಕೆಟ್ಟಿದೆಯೋ ಎಂಬುದನ್ನು ಕತ್ತಿ ಹಿಡಿಯುವ ಮೊದಲೇ ತಿಳಿಯಲು ಶಸ್ತ್ರವೈದ್ಯನಿಗೆ ಒಂದು ದಾರಿ ದೊರೆಯಿತು.

ಮೊದಲನೆಯ ಮಹಾಯುದ್ಧದಲ್ಲಿ ಬಾರಾನಿ ಆಸ್ಟ್ರಿಯಾದ ಸೈನ್ಯದ ವೈದ್ಯನಾಗಿ ಹೋಗಿ, 1915ರಲ್ಲಿ ರಷ್ಯನ್ನರ ಸೆರೆಯಾದನು. ಆತನಿಗೆ 1914ರ ನೊಬೆಲ್ ಬಹುಮಾನ ಘೋಷಿತವಾದುದು ಸೆರೆಯಲ್ಲಿದ್ದಾಗಲೇ! ಸ್ವೀಡನ್ನಿನ ರಾಜಕುಮಾರ ಕಾರ್ಲ್ ಮತ್ತು ರೆಡ್ ಕ್ರಾಸ್ ಸಂಸ್ಥೆಯ ಪ್ರಯತ್ನದಿಂದ 1916ರಲ್ಲಿ ಬಿಡುಗಡೆಯಾಯಿತು. ವಿಯೆನ್ನಾದಲ್ಲಿ ಕಾದಿದ್ದುದು ಮಾತ್ರ ಸನ್ಮಾನವಲ್ಲ. ಇತರರ ಕೆಲಸಕ್ಕೆ ತಕ್ಕ ಮನ್ನಣೆ ಕೊಡಲಿಲ್ಲವೆಂದು ಸಹೋದ್ಯೋಗಿಗಳು ದೂರಿದರು. ಮನನೊಂದು 1917ರಲ್ಲಿ ಸ್ವೀಡನ್ನಿನ ಉಪ್ಸಾಲಾಕ್ಕೆ ತೆರಳಿ, ಅಲ್ಲಿಯೇ ಬೋಧಿಸುತ್ತಿದ್ದು, 1936ನೆಯ ಏಪ್ರಿಲ್ 8ರಂದು, ಅರುವತ್ತು ತುಂಬಲು ಎರಡು ವಾರವಿರುವಾಗ ತೀರಿಕೊಂಡನು.

ಇಂದು ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಮೂರು ವರ್ಷ ಕಿವಿ, ಮೂಗು, ಗಂಟಲುಗಳ ಶಸ್ತ್ರಚಿಕಿತ್ಸೆಯನ್ನು ಅಭ್ಯಾಸ ಮಾಡುವ ತರುಣ ವೈದ್ಯರೂ ಈ ಪರೀಕ್ಷೆಯನ್ನು ಕಲಿಯುತ್ತಾರೆ. ಮೈಯ ಶಾಖಕ್ಕಿಂತ 7 ಡಿಗ್ರಿ ಕಡಿಮೆಯ, ಅಂದರೆ 30 ಡಿಗ್ರಿಯ ನೀರು ಒಮ್ಮೆ. 7 ಡಿಗ್ರಿ ಹೆಚ್ಚಿನ, ಅಂದರೆ 44 ಡಿಗ್ರಿಯ ನೀರು ಮತ್ತೊಮ್ಮೆ. ಕಿವಿ ತೊಳೆದವರು ಬಾರಾನಿಗಿಂತ ಮುಂಚೆಯೂ ಇದ್ದರು. ತಲೆಸುತ್ತಿನ ದೂರನ್ನು ಕೇಳಿದವರೂ ಇದ್ದರು. ಅದನ್ನು ರೋಗಿಯ ಗೊಣಗಾಟವೆಂದು ತಳ್ಳದೆ ವಿಚಾರಿಸಿದುದೇ ಈತನ ಹೆಚ್ಚಳ. ಓದುವ ನಮಗೂ ಕಲಿಸುವ ಗುರುಗಳಿಗೂ ಇದು ಸಲ್ಲುವ ಮಾತೆಂದು ನನ್ನ ನಂಬಿಕೆ.