ಆಳದ ಬಂಡೆಗೋಡೆಗೆ ಇಳಿದ ನಾವಿಕ ಕೂಸ್ತೋ

ನಮ್ಮವರ ಕರಿಮಣಿ ಸರದಲ್ಲಿ ಕರಿಯ ಮಣಿಗಳ ನಡುವೆ ಕೆಂಪಗೆ ಹೊಳೆಯುವ ಹವಳವು ಯಾವ ಕಡಲಿನದೆಂದು ಕೇಳಿದರೆ ಹಲವರು ನಮ್ಮ ಪಶ್ಚಿಮ ಸಮುದ್ರದ ಕಡೆಗೇ ಕೈ ತೋರಿಸುವರು. ಅದು ಸರಿಯಲ್ಲ. ರೋಮನರ ಕಾಲದಿಂದಲೂ ಕೆಂಪು ಹವಳವು ಬಹುಮಟ್ಟಿಗೆ ಭೂಮಧ್ಯಸಮುದ್ರದಿಂದ ನಮ್ಮ ನಾಡಿಗೆ ಬಂದ ಸರಕು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಟಲಿಯ ಲಿವೋರ್ನೋ ರೇವಿನ ವರ್ತಕರು ಗೋವೆಗೆ ಹವಳವನ್ನು ಕಳುಹಿಸಿ, ಬದಲಿಗೆ ವಜ್ರವನ್ನು ತರಿಸಿಕೊಳ್ಳುತ್ತಿದ್ದರು. ಈ ಹವಳವು ಬೆಳೆಯುವುದು ನೀರಿನೊಳಗಿನ ಕಡಿದಾದ ಬಂಡೆಗೋಡೆಗಳಲ್ಲಿ, ಬಿಸಿಲು ತಾಕದ ಗವಿಗಳ ಮೇಲ್ಚಾವಣಿಯಲ್ಲಿ. ಮೇಲಿನಿಂದ ಯಾವ ಕೊಳವೆಯ ಹಂಗೂ ಇಲ್ಲದೆ ಮನುಷ್ಯನು ಆ ಗೋಡೆಯ ಮುಂದೆ ಮೀನಿನಂತೆ ತೇಲಿ ನಿಲ್ಲುವುದು ಸುಲಭಸಾಧ್ಯವಾದುದು ೧೯೪೩ರಿಂದೀಚೆಗೆ. ಅದಕ್ಕೆ ಮುಖ್ಯ ಕಾರಣನಾದ ಫ್ರೆಂಚ್ ನಾವಿಕ ಜಾಕ್ ಈವ್ ಕೂಸ್ತೋವಿನ ಜೀವಿತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕೂಸ್ತೋ ಜನಿಸಿದುದು ೧೯೧೦ನೆಯ ಜೂನ್ ೧೧ರಂದು, ಬೋರ್ಡೋ ನಗರಕ್ಕೆ ಸಮೀಪದ ಸೇಂಟ್ ಆಂದ್ರೆ ದ ಕ್ಯೂಬ್ಜಾಕ್ ಎಂಬ ಊರಿನಲ್ಲಿ. ನೌಕಾಪಡೆಯ ವಿದ್ಯಾಲಯವನ್ನು ಸೇರಿದ ಆತನಿಗೆ ವಿಮಾನ ಚಾಲಕನಾಗಬೇಕೆಂಬ ಹಂಬಲವಿತ್ತು. ೧೯೩೬ರಲ್ಲಿ ಒಂದು ಮೋಟಾರು ಅಪಘಾತವು ಆ ಹಂಬಲವನ್ನು ಮುರಿಯಿತು. ಜೊತೆಗೆ ಎರಡು ತೋಳುಗಳನ್ನೂ ಮುರಿಯಿತು. ತೋಳಿಗೆ ಬಲ ಬರಲೆಂದು ತೂಲೋನ್ ಕಡಲತೀರದಲ್ಲಿ ಈಜುತ್ತಿದ್ದಾಗ ಸಹೋದ್ಯೋಗಿ ಫಿಲಿಪ್ ತಾಯ್ಯೇ ಎಂಬಾತನು ಈಜುಗನ್ನಡಕವೊಂದನ್ನು ಆತನಿಗೆ ಕೊಟ್ಟನು. ಅದನ್ನು ಧರಿಸಿ ಮುಖವನ್ನು ನೀರಿನಲ್ಲಿ ಅದ್ದಿದ ಕ್ಷಣದಿಂದ ಆತನ ದಾರಿಯೇ ಬೇರೆಯಾಯಿತು. ನೀರಿನೊಳಗೆ ಮುಳುಗಿ ಈಟಿಯಿಂದ ಮೀನು ಬೇಟೆಯಾಡುತ್ತಿದ್ದ ಫ್ರೆಡೆರಿಕ್ ದ್ಯೂಮಾ ಎಂಬ ಸಾಹಸಿಯೂ ಸೇರಲು, ಮೂವರ ಜೋಡಣೆ ಪೂರ್ಣವಾಯಿತು.

ಆದರೆ ಉಸಿರು ಕಟ್ಟಿ ಮುಳುಗುವವನಿಗೆ ಆಳದಲ್ಲಿ ದೊರೆಯುವ ಬಿಡುವು ಒಂದೆರಡು ನಿಮಿಷದ್ದು. ಶುದ್ಧ ಆಮ್ಲಜನಕದ ಉಪಕರಣವನ್ನು ಪ್ರಯೋಗಿಸಿ ನೋಡಿದ ಕೂಸ್ತೋಗೆ ಎರಡು ಬಾರಿ ನೀರಿನೊಳಗೇ ಸೆಳವು ಬಂದು ಪ್ರಾಣಕ್ಕೇ ಸಂಚಕಾರವಾಯಿತು. ಒತ್ತಡದಲ್ಲಿ ಶುದ್ಧ ಆಮ್ಲಜನಕವೂ ವಿಷವೇ ಸರಿ. ಆತನಿಗೆ ಬೇಕಾದುದು ಒತ್ತಿಟ್ಟ ಸಾಧಾರಣ ಗಾಳಿ. ಅದೂ ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಸಮನಾಗಿ ಬರುವ ಗಾಳಿ. ನೀರಿನಲ್ಲಿ ಹತ್ತು ಮೀಟರ್ ಇಳಿದಂತೆಲ್ಲ ಒಂದೊಂದು ವಾಯುಭಾರವು ಹೆಚ್ಚುವುದರಿಂದ, ೪೦ ಮೀಟರಿನಲ್ಲಿ ಎದೆಯ ಮೇಲಿನ ಭಾರವು ದಡದಲ್ಲಿರುವುದರ ಐದರಷ್ಟಾಗುತ್ತದೆ. ಒಳಗಿನ ಗಾಳಿಯೂ ಅಷ್ಟೇ ಒತ್ತಡದ್ದಾಗದಿದ್ದರೆ ಪಕ್ಕೆಲುಬುಗಳು ಅಲುಗಲಾರವು.

೧೯೪೨ರ ಡಿಸೆಂಬರಿನಲ್ಲಿ, ಜರ್ಮನರ ವಶದಲ್ಲಿದ್ದ ಪ್ಯಾರಿಸಿನಲ್ಲಿ, ಏರ್ ಲಿಕ್ವೀದ್ ಎಂಬ ಅನಿಲ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನನನ್ನು ಆತನು ಕಂಡನು. ಪತ್ನಿ ಸಿಮೋನಳ ತಂದೆಗೆ ಆ ಕಂಪನಿಯಲ್ಲಿ ಉನ್ನತ ಸ್ಥಾನವಿದ್ದುದು ಈ ಪರಿಚಯಕ್ಕೆ ಅನುಕೂಲವಾಯಿತು. ಪೆಟ್ರೋಲಿನ ಅಭಾವದ ಆ ದಿನಗಳಲ್ಲಿ ಮೋಟಾರುಗಳನ್ನು ಅನಿಲದಿಂದ ಓಡಿಸಲೆಂದು ಗಾನ್ಯಾನನು ಸಣ್ಣದೊಂದು ನಿಯಂತ್ರಕವನ್ನು ರಚಿಸಿದ್ದನು. ಅದನ್ನೇ ಮಾರ್ಪಡಿಸಿ ಮಾರ್ನ್ ನದಿಯಲ್ಲಿ ಪರೀಕ್ಷಿಸಿದರು. ಮಲಗಿ ಈಜುವಾಗ ಗಾಳಿ ಸರಿಯಾಗಿ ಬಂದಿತು; ನೆಟ್ಟಗೆ ನಿಂತರೆ ವ್ಯರ್ಥವಾಗಿ ಬುಸುಗುಟ್ಟಿ ಹರಿದುಹೋಯಿತು; ತಲೆಕೆಳಗಾದರೆ ಎಳೆಯುವುದೇ ಕಷ್ಟವಾಯಿತು. ಬಿಟ್ಟ ಉಸಿರು ಹೊರಹೋಗುವ ಬಾಯಿಯು ಗಾಳಿ ಬರುವ ಕವಾಟಕ್ಕಿಂತ ಮೇಲೆ ಕೆಳಗೆ ಆಗುತ್ತಿದ್ದುದೇ ದೋಷವೆಂದು ತಿಳಿದು, ಎರಡನ್ನೂ ಅಕ್ಕಪಕ್ಕದಲ್ಲಿರಿಸಿದೊಡನೆ ಉಪಕರಣವು ಮಾತು ಕೇಳಿತು. ೧೯೪೩ರ ಜೂನಿನಲ್ಲಿ ಬಾಂದೋಲ್ ಸಮೀಪದ ಕೊಲ್ಲಿಯೊಂದರಲ್ಲಿ ಕೂಸ್ತೋ ಅದನ್ನು ಬೆನ್ನಿಗೇರಿಸಿಕೊಂಡು ಕಡಲಿಗಿಳಿದನು. ಇದೇ ಮುಂದೆ ಅಕ್ವಾಲಂಗ್ ಎಂದು ಹೆಸರಾದುದು. ಇದೆಲ್ಲವೂ ಕೂಸ್ತೋ ಒಬ್ಬನ ಸೃಷ್ಟಿಯೆಂದು ಹೇಳುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ೧೮೬೦ರ ದಶಕದಲ್ಲಿಯೇ ರೂಕೆರೋಲ್ ಮತ್ತು ದನೆರೂಜ್ ಎಂಬಿಬ್ಬರು ಇಂತಹುದೇ ತತ್ತ್ವದ ಉಪಕರಣವನ್ನು ರಚಿಸಿದ್ದರು. ತರುವಾಯ ಲ ಪ್ರಿಯೂರ್ ಎಂಬ ನೌಕಾಧಿಕಾರಿಯು ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಮುಳುಗಿ ತೋರಿಸಿದ್ದನು. ಕೀರ್ತಿಯ ಪಾಲು ಹಂಚುವಾಗ ಗಾನ್ಯಾನನ ಹೆಸರನ್ನು ಲೋಕವು ಬಹುಬೇಗ ಮರೆಯಿತು.

ಮಾರ್ಸೇಲ್ಸಿನಿಂದ ಕಾಸಿಸ್‌ವರೆಗಿನ ಕರಾವಳಿಯು ಬಿಳಿಯ ಸುಣ್ಣಕಲ್ಲಿನದು. ನೀರಿನ ಮೇಲೆ ಹೇಗೋ ಹಾಗೆಯೇ ನೀರಿನ ಕೆಳಗೂ ಆ ಬಂಡೆಯು ಗೋಡೆಯಂತೆ ನೇರವಾಗಿ ಇಳಿಯುವುದು. ಮೇಲ್ಭಾಗದಲ್ಲಿ ಪಾಚಿ, ಕೆಳಗೆ ಬೀಸಣಿಗೆಯಾಕಾರದ ಗೊರ್ಗೋನಿಯಗಳು, ನೆರಳಿನ ಸಂದುಗಳಲ್ಲಿ ಕೆಂಪು ಹವಳ. ಹವಳವು ಗಿಡವಲ್ಲ, ಎಂಟೆಂಟು ಎಳೆಗಳ ಬಿಳಿಯ ಸಣ್ಣ ಜೀವಿಗಳು ಒಟ್ಟುಗೂಡಿ ಕಟ್ಟಿದ ಮನೆ ಎಂಬುದನ್ನು ಹದಿನೆಂಟನೆಯ ಶತಮಾನದಲ್ಲಿ ಮಾರ್ಸೇಲ್ಸಿನ ವೈದ್ಯ ಪೇಸೋನೆಲನು ಕಂಡುಹಿಡಿದಿದ್ದನು. ಆದರೆ ಅದನ್ನು ಇದ್ದಲ್ಲಿಯೇ ಕಾಣುವ ಬೆರಗು ಬೇರೆ. ಬೆಳಕಿನಲ್ಲಿರುವ ಕೆಂಪು ವರ್ಣವನ್ನು ನೀರು ಮೊದಲು ಹೀರುವುದರಿಂದ ಆಳದಲ್ಲಿ ಹವಳವು ಕಪ್ಪು ನೀಲಿಯಾಗಿ ಮಂಕಾಗಿ ಕಾಣುವುದು. ದೀಪವನ್ನು ಹಿಡಿದೊಡನೆ ಗೋಡೆಗೆ ಗೋಡೆಯೇ ಕೆಂಪಾಗಿ, ಕಿತ್ತಳೆಯಾಗಿ ಹೊತ್ತಿಕೊಳ್ಳುವುದು. ಕೂಸ್ತೋ ಮತ್ತು ಸಂಗಡಿಗರು ದೀಪಗಳನ್ನೂ ಕ್ಯಾಮರಾಗಳನ್ನೂ ಕೆಳಗೊಯ್ದು ಈ ಬಣ್ಣಗಳನ್ನು ದಡದಲ್ಲಿರುವವರಿಗೆ ತೋರಿಸಿದರು.

ಇಂತಹ ಗೋಡೆಗೆ ಒಂದು ಕಪಟವುಂಟು. ಕಾಲ ಕೆಳಗೆ ನೆಲವಿಲ್ಲ. ನೀರು ತಿಳಿಯಾಗಿದ್ದರೆ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಇಳಿಯುವವನಿಗೆ ತಾನೆಷ್ಟು ಇಳಿದೆನೆಂಬುದೇ ತಿಳಿಯದು. ಗಾಳಿಯಲ್ಲಿರುವ ಸಾರಜನಕವು ಒತ್ತಡದಲ್ಲಿ ಮದ್ಯದಂತೆ ತಲೆಗೇರುವುದು. ಇದನ್ನೇ ಫ್ರೆಂಚರು ಆಳದ ಅಮಲೆಂದು ಕರೆದರು. ಅಮಲೇರಿದವನಿಗೆ ಭಯವಿಲ್ಲ, ಲೆಕ್ಕವಿಲ್ಲ, ಮೇಲೇರಬೇಕೆಂಬ ಆತುರವೂ ಇಲ್ಲ. ೧೯೪೩ರ ಅಕ್ಟೋಬರಿನಲ್ಲಿ ಗಂಟು ಹಾಕಿದ ಹಗ್ಗವನ್ನು ಹಿಡಿದು ದ್ಯೂಮಾ ಸುಮಾರು ೬೨ ಮೀಟರಿಗೆ ಇಳಿದು, ಆ ಅಮಲಿನಲ್ಲಿಯೇ ತೂಕದ ಪಟ್ಟಿಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಬಂದನು. ಎಷ್ಟು ಇಳಿದೆನೆಂಬುದು ಹಗ್ಗವನ್ನು ಎಳೆದು ಅಳೆದ ಮೇಲೆಯೇ ಆತನಿಗೆ ತಿಳಿಯಿತು.

ಯುದ್ಧಾನಂತರ ಮೂವರೂ ತೂಲೋನಿನಲ್ಲಿ ನೌಕಾಪಡೆಯ ಮುಳುಗು ಸಂಶೋಧನಾ ತಂಡವನ್ನು ಕಟ್ಟಿದರು. ಅದರ ಒಬ್ಬ ಮುಖ್ಯ ಸದಸ್ಯನು ಮೋರಿಸ್ ಫಾರ್ಗ್. ೧೯೪೬ರ ಆಗಸ್ಟಿನಲ್ಲಿ ವೋಕ್ಲೂಸ್ ಎಂಬ ಬುಗ್ಗೆಯ ಗುಹೆಗೆ ಕೂಸ್ತೋ ಮತ್ತು ದ್ಯೂಮಾ ಇಳಿದಾಗ, ಮೇಲೆ ಹಗ್ಗ ಹಿಡಿದಿದ್ದವನು ಈತನೇ. ಗಾಳಿ ತುಂಬುವ ಯಂತ್ರವು ತನ್ನದೇ ಹೊಗೆಯನ್ನು ಎಳೆದುಕೊಂಡಿದ್ದುದರಿಂದ ಸಿಲಿಂಡರುಗಳಲ್ಲಿ ವಿಷಾನಿಲ ಸೇರಿತ್ತು. ಕತ್ತಲೆಯ ನೀರಿನಲ್ಲಿ ಇಬ್ಬರಿಗೂ ಪ್ರಜ್ಞೆ ತಪ್ಪುವಂತಾಯಿತು. ಫಾರ್ಗನು ಹಗ್ಗವನ್ನು ಎಳೆಯದಿದ್ದರೆ ಕೂಸ್ತೋವಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮರುವರ್ಷ, ೧೯೪೭ರ ಸೆಪ್ಟೆಂಬರಿನಲ್ಲಿ, ಒತ್ತಿಟ್ಟ ಗಾಳಿಯನ್ನು ಉಸಿರಾಡುತ್ತ ಎಷ್ಟು ಆಳಕ್ಕೆ ಹೋಗಬಹುದೆಂಬ ಪರೀಕ್ಷೆ ನಡೆಯಿತು. ಹಗ್ಗಕ್ಕೆ ಅಲ್ಲಲ್ಲಿ ಹಲಗೆಗಳನ್ನು ಕಟ್ಟಿ, ತಲುಪಿದವನು ರುಜು ಹಾಕಬೇಕೆಂದು ಗೊತ್ತುಮಾಡಿದ್ದರು. ಫಾರ್ಗನು ಇಳಿದನು. ಕೆಲವು ನಿಮಿಷ ಹಗ್ಗದ ಮೂಲಕ ಸೌಖ್ಯದ ಸನ್ನೆ ಬರುತ್ತಿತ್ತು, ಬಳಿಕ ನಿಂತಿತು. ಮೇಲೆಳೆದಾಗ ಬಾಯಿಯ ಕೊಳವೆಯು ಎದೆಯ ಮೇಲೆ ಜೋಲುತ್ತಿತ್ತು. ಗಂಟೆಗಟ್ಟಲೆ ಉಪಚರಿಸಿದರೂ ಜೀವ ಮರಳಲಿಲ್ಲ. ಸುಮಾರು ೧೨೦ ಮೀಟರಿನ ಹಲಗೆಯ ಮೇಲೆ ಆತನ ರುಜು ಇದ್ದಿತು. ತಮ್ಮನ್ನು ಎಳೆದು ಬದುಕಿಸಿದವನನ್ನು ತಾವು ಬದುಕಿಸಲಾರದೆ ಹೋದ ಆ ದಿನವು ಕೂಸ್ತೋವಿನ ಜೀವನದ ದೊಡ್ಡ ನೋವೆಂದು ನಾವು ಎಣಿಸುತ್ತೇವೆ. ಸುಮಾರು ೯೦ ಮೀಟರಿನಾಚೆ ಬರಿಯ ಗಾಳಿ ಸಲ್ಲದೆಂದು ತಂಡವು ನಿಶ್ಚಯಿಸಿತು. ಅಷ್ಟು ಆಳದಲ್ಲಿ ಗಾಳಿಯೊಳಗಿನ ಆಮ್ಲಜನಕವೇ ಸೆಳವು ತರಬಲ್ಲದೆಂದು ಇಂದು ಬಲ್ಲೆವು. ಈಗ ವಿನೋದಕ್ಕಾಗಿ ಮುಳುಗುವ ಅನುಭವಿಗಳಿಗೂ ಸಾಮಾನ್ಯವಾಗಿ ೪೦ ಮೀಟರೇ ಗಡಿ. ಅದಕ್ಕೂ ಕೆಳಗಿನ ಹವಳವನ್ನು ನೋಡಬಯಸುವವರು ವಿಶೇಷ ಶಿಕ್ಷಣ ಪಡೆದು ಹೀಲಿಯಂ ಬೆರೆತ ಗಾಳಿಯನ್ನು ಒಯ್ಯುವರು. ಮೇಲೇರುವಾಗ ಮೆಟ್ಟಲು ಮೆಟ್ಟಲಾಗಿ ತಂಗುವರು. ಅವಸರಪಟ್ಟರೆ ಮೈಯಲ್ಲಿ ಕರಗಿದ ಸಾರಜನಕವು ಗುಳ್ಳೆಯಾಗಿ ಕೀಲುಗಳನ್ನೂ ನರಗಳನ್ನೂ ಕೆಡಿಸುವುದು.

೧೯೫೦ರಲ್ಲಿ ಬ್ರಿಟಿಷ್ ಸಿರಿವಂತ ಲೋಯಲ್ ಗಿನ್ನೆಸನು ಹಳೆಯ ಸುರಂಗಶೋಧಕ ಹಡಗೊಂದನ್ನು ವರ್ಷಕ್ಕೆ ಒಂದು ಫ್ರಾಂಕಿನ ನೆಪಮಾತ್ರದ ಬಾಡಿಗೆಗೆ ಕೊಟ್ಟನು. ಅದೇ ಕಲಿಪ್ಸೋ. ೧೯೫೨ರಲ್ಲಿ ಮಾರ್ಸೇಲ್ಸ್ ಬಳಿಯ ಗ್ರಾನ್ ಕೋಂಗ್ಲುವೆ ಎಂಬ ಕಡಿದಾದ ದ್ವೀಪದ ಗೋಡೆಯ ಬುಡದಲ್ಲಿ, ೪೦ ಮೀಟರಿಗೂ ಹೆಚ್ಚು ಆಳದಲ್ಲಿ, ಪ್ರಾಚೀನ ಹಡಗಿನ ಮದ್ಯದ ಜಾಡಿಗಳನ್ನು ಮೇಲೆತ್ತತೊಡಗಿದರು. ಅಲ್ಲಿಯೂ ಒಬ್ಬ ಯುವಕ ಮುಳುಗಾರನು ಪ್ರಾಣ ತೆತ್ತನು. ಅಲ್ಲಿದ್ದುದು ಒಂದಲ್ಲ, ಬೇರೆ ಬೇರೆ ಕಾಲದ ಎರಡು ಹಡಗುಗಳು ಒಂದರ ಮೇಲೊಂದು ಎಂಬುದು ವಿದ್ವಾಂಸರಿಗೆ ಸ್ಪಷ್ಟವಾದುದು ದಶಕಗಳ ತರುವಾಯ.

೧೯೫೩ರ ಗ್ರಂಥವೂ ೧೯೫೬ರ ಚಲಚ್ಚಿತ್ರವೂ, ಎರಡೂ ಮೌನಲೋಕವೆಂಬ ಅರ್ಥದ ಹೆಸರಿನವು, ಕೂಸ್ತೋವನ್ನು ಜಗತ್ಪ್ರಸಿದ್ಧನನ್ನಾಗಿ ಮಾಡಿದವು. ಚಿತ್ರಕ್ಕೆ ಕಾನ್ ಉತ್ಸವದ ಅಗ್ರ ಪ್ರಶಸ್ತಿಯೂ ಆಸ್ಕರ್ ಪ್ರಶಸ್ತಿಯೂ ದೊರೆತವು. ಅದನ್ನು ಇಂದು ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುವುದು. ಮೀನುಗಳನ್ನು ಎಣಿಸಲೆಂದು ಹವಳದ ದಿಬ್ಬಕ್ಕೆ ಸಿಡಿಮದ್ದು ಹಾಕಿದ್ದೂ, ಶಾರ್ಕುಗಳನ್ನು ಕೊಚ್ಚಿದ್ದೂ ಅದರಲ್ಲಿವೆ. ಕಡಲಿಗೆ ಕೊನೆಯಿಲ್ಲವೆಂಬ ಭಾವನೆಯು ಆ ಕಾಲದವರೆಲ್ಲರದೂ ಆಗಿತ್ತು. ಆದರೆ ಆತನು ಅಲ್ಲಿಯೇ ನಿಲ್ಲಲಿಲ್ಲ. ೧೯೬೦ರಲ್ಲಿ ಭೂಮಧ್ಯಸಮುದ್ರಕ್ಕೆ ಅಣುಶಕ್ತಿಯ ಕಸವನ್ನು ಸುರಿಯುವ ಯೋಜನೆಯನ್ನು ವಿರೋಧಿಸಿದವರಲ್ಲಿ ಆತನು ಮುಂದಾಳು; ಯೋಜನೆ ನಿಂತಿತು. ೧೯೬೨ರಲ್ಲಿ ಮಾರ್ಸೇಲ್ಸ್ ಬಳಿ ಹತ್ತು ಮೀಟರ್ ಆಳದಲ್ಲಿ ಇಬ್ಬರು ಒಂದು ವಾರ, ೧೯೬೫ರಲ್ಲಿ ಕಾಪ್ ಫೆರಾ ಬಳಿ ನೂರು ಮೀಟರಿನಲ್ಲಿ ಆರು ಮಂದಿ ಮೂರು ವಾರ ಆತನ ಯೋಜನೆಯಂತೆ ಕಡಲ ತಳದ ಮನೆಗಳಲ್ಲಿ ವಾಸಿಸಿದರು.

ಆತನ ಉಪಕರಣವೇ ಹವಳಕ್ಕೆ ಮುಳುವಾದುದನ್ನೂ ಹೇಳಬೇಕು. ಮೊದಲು ಮರದ ಶಿಲುಬೆಗೆ ಬಲೆ ಕಟ್ಟಿ ತಳವನ್ನು ಕೆರೆಯುತ್ತಿದ್ದಾಗ ಸಂದುಗೊಂದುಗಳ ಹವಳವು ಉಳಿಯುತ್ತಿತ್ತು. ೧೯೫೦ರ ದಶಕದಿಂದ ಮುಳುಗಾರರು ಸುತ್ತಿಗೆ ಹಿಡಿದು ಅಲ್ಲಿಗೂ ನುಗ್ಗಿದರು. ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ದಪ್ಪವಾಗದ ಜೀವಿಗೆ ಈ ಕೊಯ್ಲನ್ನು ತಾಳುವ ಶಕ್ತಿಯೆಲ್ಲಿ? ೧೯೯೪ರಲ್ಲಿ ಐರೋಪ್ಯ ಒಕ್ಕೂಟವು ಶಿಲುಬೆಯನ್ನು ನಿಷೇಧಿಸಿತು. ೨೦೧೧ರಲ್ಲಿ ಭೂಮಧ್ಯಸಮುದ್ರದ ಮೀನುಗಾರಿಕಾ ಆಯೋಗವು ೫೦ ಮೀಟರಿಗಿಂತ ಮೇಲಿನ ಹವಳವನ್ನು ಕೊಯ್ಯಬಾರದೆಂದು ವಿಧಿಸಿತು. ಅಷ್ಟರೊಳಗೆ ೧೯೯೯ರ ಮತ್ತು ೨೦೦೩ರ ಬೇಸಗೆಗಳ ಬಿಸಿನೀರಿಗೆ ಗೊರ್ಗೋನಿಯಗಳೂ ಹವಳಗಳೂ ರಾಶಿರಾಶಿಯಾಗಿ ಸತ್ತಿದ್ದವು.

ಕೂಸ್ತೋವಿನ ಕಡೆಗಾಲವು ಸುಖಕರವಾಗಿರಲಿಲ್ಲ. ಕಿರಿಯ ಮಗ ಫಿಲಿಪ್ ೧೯೭೯ರಲ್ಲಿ ಲಿಸ್ಬನ್ ಬಳಿ ಸಮುದ್ರವಿಮಾನದ ಅಪಘಾತದಲ್ಲಿ ತೀರಿಕೊಂಡನು. ಕಲಿಪ್ಸೋ ಹಡಗನ್ನೇ ಮನೆಯಾಗಿಸಿಕೊಂಡಿದ್ದ ಸಿಮೋನ್ ೧೯೯೦ರಲ್ಲಿ ಹೋದಳು. ೧೯೯೬ರ ಜನವರಿಯಲ್ಲಿ ಸಿಂಗಾಪುರದ ರೇವಿನಲ್ಲಿ ದೋಣಿಯೊಂದು ಬಡಿದು ಕಲಿಪ್ಸೋ ಮುಳುಗಿತು. ಮರುವರ್ಷ ಜೂನ್ ೨೫ರಂದು ಕೂಸ್ತೋ ಪ್ಯಾರಿಸಿನಲ್ಲಿ ನಿಧನನಾದನು. ಎಂಬತ್ತೇಳು ವರ್ಷ ಬದುಕಿದ ಆತನನ್ನು ಹುಟ್ಟೂರಿನ ಮಣ್ಣಿನಲ್ಲಿ ಸಮಾಧಿ ಮಾಡಿದರು.