ಸುನೀತವೊಂದನ್ನು ಬಿಟ್ಟುಹೋದ ಸ್ಪಿಟ್‌ಫೈರ್ ಚಾಲಕ

ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ನಡೆಸಿ ನಾಲ್ಕು ದಿನಗಳಷ್ಟೇ ಆಗಿದ್ದವು. 1941ರ ಡಿಸೆಂಬರ್ 11ರಂದು ಜರ್ಮನಿ ಮತ್ತು ಇಟಲಿ ಅಮೆರಿಕದ ವಿರುದ್ಧ ಯುದ್ಧ ಸಾರಿದವು. ಅದೇ ದಿನ ಮಧ್ಯಾಹ್ನಕ್ಕೆ ಮುನ್ನ ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ಹೊಲವೊಂದರಲ್ಲಿ ಅಮೆರಿಕದ ಯುವಕನೊಬ್ಬ ಬಿದ್ದು ಪ್ರಾಣಬಿಟ್ಟ. ತನ್ನ ದೇಶ ಯುದ್ಧಕ್ಕಿಳಿಯುವುದನ್ನು ಕಾಯದೆ, ಅದಕ್ಕೂ ಒಂದು ವರ್ಷ ಮೊದಲೇ ಸ್ವಯಂಪ್ರೇರಣೆಯಿಂದ ಕೆನಡಾದ ವಾಯುಪಡೆಯನ್ನು ಸೇರಿದವನು ಆತ. ಹೆಸರು ಜಾನ್ ಗಿಲೆಸ್ಪಿ ಮೆಗೀ. ವಯಸ್ಸು 19.

ಮೆಗೀಯನ್ನು ಅಮೆರಿಕದವನೆಂದು ಕರೆಯುವುದು ಕಾನೂನಿನ ದೃಷ್ಟಿಯಿಂದ ಸರಿಯಾದರೂ, ಆತ ಆ ನೆಲದಲ್ಲಿ ಬಾಳಿದ್ದು ಬಹಳ ಕಡಿಮೆ. 1922ರ ಜೂನ್ 9ರಂದು ಹುಟ್ಟಿದ್ದು ಚೀನಾದ ಶಾಂಘೈನಲ್ಲಿ. ತಂದೆ ಪಿಟ್ಸ್‌ಬರ್ಗ್‌ನ ಸಿರಿವಂತ ಮನೆತನವನ್ನು ಬಿಟ್ಟು ಧರ್ಮಪ್ರಚಾರಕ್ಕೆಂದು ಚೀನಾಕ್ಕೆ ಹೋಗಿದ್ದ ಪಾದ್ರಿ. ಅವರ ಹೆಸರೂ ಜಾನ್ ಮೆಗೀ ಎಂದೇ. ತಾಯಿ ಫೇತ್ ಬ್ಯಾಕ್‌ಹೌಸ್ ಇಂಗ್ಲೆಂಡಿನವರು, ಅವರೂ ಅದೇ ಕಾಯಕದಲ್ಲಿ ಇದ್ದವರು. ನಾಲ್ವರು ಗಂಡುಮಕ್ಕಳಲ್ಲಿ ಜಾನ್ ಹಿರಿಯವನು. ಮೊದಲ ಪಾಠಗಳು ನಾನ್‌ಜಿಂಗ್‌ನ ಅಮೆರಿಕನ್ ಶಾಲೆಯಲ್ಲಿ ನಡೆದವು. 1931ರಲ್ಲಿ ತಾಯಿಯೊಡನೆ ಇಂಗ್ಲೆಂಡಿಗೆ ಬಂದ ಬಾಲಕ 1935ರಲ್ಲಿ ಪ್ರಸಿದ್ಧವಾದ ರಗ್ಬಿ ಶಾಲೆಯನ್ನು ಸೇರಿದ.

ಆತನನ್ನು ರೂಪಿಸಿದ್ದು ಈ ಶಾಲೆಯೇ ಎನ್ನಬೇಕು. ಮೊದಲ ಮಹಾಯುದ್ಧದಲ್ಲಿ ಮಡಿದ ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ಅಲ್ಲಿ ಪಟ್ಟಿಮಾಡಿ ಗೌರವಿಸಲಾಗಿತ್ತು. ಆ ಪಟ್ಟಿಯಲ್ಲಿದ್ದ ಕವಿ ರೂಪರ್ಟ್ ಬ್ರೂಕ್ ಹುಡುಗನ ಮನಸ್ಸನ್ನು ಆವರಿಸಿಕೊಂಡರು. ಬ್ರೂಕ್ ತಮ್ಮ ವಿದ್ಯಾರ್ಥಿ ದಿನಗಳಲ್ಲಿ ಪಡೆದಿದ್ದ ಕಾವ್ಯ ಬಹುಮಾನವನ್ನೇ 1939ರಲ್ಲಿ ಮೆಗೀ ಪಡೆದ. ಬಹುಮಾನ ತಂದ ಕವನದ ವಸ್ತು, 1915ರಲ್ಲಿ ಗ್ರೀಸ್‌ನ ಸ್ಕೈರೋಸ್ ದ್ವೀಪದ ಆಲಿವ್ ತೋಪಿನಲ್ಲಿ ರಾತ್ರಿಯ ಹೊತ್ತು ನಡೆದ ಬ್ರೂಕ್ ಅವರ ಅಂತ್ಯಸಂಸ್ಕಾರ. ಹದಿಹರೆಯದ ಕವಿಗೆ ಯುದ್ಧದಲ್ಲಿ ಸತ್ತ ಕವಿಯ ಸಮಾಧಿಯೇ ಕಾವ್ಯವಸ್ತುವಾಗಿ ಒದಗಿತು. ಮುಂದೆ ನಡೆದುದನ್ನು ಬಲ್ಲ ನಮಗೆ ಇದು ಅಪಶಕುನದಂತೆ ಕಂಡೀತು. ಆದರೆ ಆ ಕಾಲದ ಇಂಗ್ಲಿಷ್ ಶಾಲೆಗಳಲ್ಲಿ ಇಂಥ ಆರಾಧನೆ ಅಪರೂಪದ್ದಾಗಿರಲಿಲ್ಲ.

ಮಗ ರಗ್ಬಿಯಲ್ಲಿ ಓದುತ್ತಿದ್ದಾಗ ತಂದೆ ನಾನ್‌ಜಿಂಗ್‌ನಲ್ಲೇ ಇದ್ದರು. 1937ರ ಡಿಸೆಂಬರ್‌ನಲ್ಲಿ ಜಪಾನಿ ಸೇನೆ ಆ ನಗರವನ್ನು ಹಿಡಿದು ಹತ್ಯಾಕಾಂಡ ನಡೆಸಿದಾಗ, ಓಡಿಹೋಗದೆ ಉಳಿದ ಬೆರಳೆಣಿಕೆಯ ವಿದೇಶೀಯರಲ್ಲಿ ಅವರೂ ಒಬ್ಬರು. ನಿರಾಶ್ರಿತರ ಆರೈಕೆಗೆ ನಿಂತ ಅವರು, ಆಸ್ಪತ್ರೆಗೆ ಬಂದ ಗಾಯಾಳುಗಳನ್ನು 16 ಮಿಲಿಮೀಟರ್ ಕ್ಯಾಮೆರಾದಲ್ಲಿ ಗುಟ್ಟಾಗಿ ಚಿತ್ರೀಕರಿಸಿದರು. ಆ ಸುರುಳಿಗಳನ್ನು ಮರುವರ್ಷ ಸಹೋದ್ಯೋಗಿಯೊಬ್ಬರು ಕೋಟಿನ ಒಳಪದರದಲ್ಲಿ ಹೊಲಿದುಕೊಂಡು ಹೊರಗೆ ಸಾಗಿಸಿದರು. ಕವಿ ಪೈಲಟ್‌ನ ಕತೆಯನ್ನು ಹೇಳುವವರು ತಂದೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದುಂಟು. ಅದು ನ್ಯಾಯವಲ್ಲ.

1939ರ ಬೇಸಿಗೆಯಲ್ಲಿ ಮೆಗೀ ಅಮೆರಿಕಕ್ಕೆ ಹೋಗಿದ್ದಾಗ ಯುರೋಪಿನಲ್ಲಿ ಯುದ್ಧ ಆರಂಭವಾಯಿತು. ಇಂಗ್ಲೆಂಡಿಗೆ ಮರಳುವ ದಾರಿ ಮುಚ್ಚಿತು. ಕನೆಕ್ಟಿಕಟ್‌ನ ಏವನ್ ಓಲ್ಡ್ ಫಾರ್ಮ್ಸ್ ಶಾಲೆಯಲ್ಲಿ ಓದು ಮುಗಿಸಿದ ಆತನಿಗೆ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ದೊರೆಯಿತು. ಆದರೆ ಆತ ಯೇಲ್ ಮೆಟ್ಟಿಲು ಹತ್ತಲಿಲ್ಲ. ತಾನು ಬೆಳೆದ ಇಂಗ್ಲೆಂಡಿನ ಮೇಲೆ ಬಾಂಬುಗಳು ಬೀಳುತ್ತಿದ್ದ 1940ರ ಅಕ್ಟೋಬರ್‌ನಲ್ಲಿ ಗಡಿ ದಾಟಿ ರಾಯಲ್ ಕೆನಡಿಯನ್ ವಾಯುಪಡೆಗೆ ಸೇರಿದ. ಅಮೆರಿಕ ಆಗ ತಟಸ್ಥ ರಾಷ್ಟ್ರ. ಹಾಗಿದ್ದೂ ಅಲ್ಲಿಂದ ಸಾವಿರಾರು ಯುವಕರು ಇದೇ ದಾರಿ ಹಿಡಿದಿದ್ದರು.

ಒಂಟಾರಿಯೊ ಪ್ರಾಂತದಲ್ಲಿ ತರಬೇತಿ ಪಡೆದು 1941ರ ಜೂನ್‌ನಲ್ಲಿ ಚಾಲಕನ ಪದಕ ಧರಿಸಿದ ಮೆಗೀ ಬ್ರಿಟನ್ನಿಗೆ ಬಂದ. ವೇಲ್ಸ್‌ನ ಲ್ಯಾಂಡೌ ನೆಲೆಯಲ್ಲಿ ಸ್ಪಿಟ್‌ಫೈರ್ ಹಾರಿಸಲು ಕಲಿತದ್ದು ಆ ಆಗಸ್ಟ್‌ನಲ್ಲಿ. ಒಂದು ದಿನ 30 ಸಾವಿರ ಅಡಿಗೂ ಮೇಲೇರಿ ಬಂದ ಅನುಭವ 14 ಸಾಲುಗಳ ಸುನೀತವಾಯಿತು. ‘ಹೈ ಫ್ಲೈಟ್’ ಎಂಬ ಆ ಕವಿತೆಯನ್ನು ಸೆಪ್ಟೆಂಬರ್ 3ರಂದು ತಂದೆತಾಯಿಗೆ ಬರೆದ ಪತ್ರದ ಹಿಂಬದಿಯಲ್ಲಿ ಕಳುಹಿಸಿದ. ಯುದ್ಧಕಾಲದ ರಚನೆಯಾದರೂ ಅದರಲ್ಲಿ ಯುದ್ಧವಿಲ್ಲ, ಶತ್ರುವಿಲ್ಲ. ನೆಲದ ಹಂಗು ಹರಿದುಕೊಂಡವನ ಸಂತಸವಷ್ಟೇ ಇದೆ. ಅದು ಬಾಳಿಕೊಂಡು ಬಂದಿರುವುದು ಈ ಕಾರಣಕ್ಕೇ ಇರಬೇಕು.

ಆಮೇಲೆ ಆತ ಸೇರಿದ್ದು ಲಿಂಕನ್‌ಷೈರ್‌ನಲ್ಲಿ ನೆಲೆಗೊಂಡಿದ್ದ ಕೆನಡಾದ 412ನೇ ಸ್ಕ್ವಾಡ್ರನ್. ನವೆಂಬರ್ 8ರಂದು ಫ್ರಾನ್ಸಿನ ಲೀಲ್ ನಗರದ ರೈಲ್ವೆ ಕಾರ್ಯಾಗಾರಗಳ ಮೇಲೆ ದಾಳಿಗೆ ಹೊರಟ ಬಾಂಬರ್‌ಗಳಿಗೆ ಬೆಂಗಾವಲಾಗಿ ಹೋದಾಗ, ಆತನಿದ್ದ ನಾಲ್ಕು ವಿಮಾನಗಳ ತಂಡದಲ್ಲಿ ಹಿಂದಿರುಗಿದ್ದು ಆತನೊಬ್ಬನೇ. ಸುನೀತದ ಆಕಾಶ ಬೇರೆ, ಈ ಆಕಾಶ ಬೇರೆ ಎಂಬುದು ಅಂದು ತಿಳಿದಿರಬೇಕು.

ಶತ್ರುವಿನ ಗುಂಡಿನಿಂದ ಉಳಿದ ಮೆಗೀ ತನ್ನದೇ ಪಡೆಯ ಅಭ್ಯಾಸದಲ್ಲಿ ಉಳಿಯಲಿಲ್ಲ. ಡಿಸೆಂಬರ್ 11ರಂದು ಸಹಚರರೊಡನೆ ಅಭ್ಯಾಸ ಮುಗಿಸಿ ಮೋಡಗಳ ನಡುವಿನ ತೆರಪಿನಿಂದ ವೇಗವಾಗಿ ಕೆಳಗಿಳಿಯುತ್ತಿದ್ದಾಗ, ಸುಮಾರು 1,400 ಅಡಿ ಎತ್ತರದಲ್ಲಿ, ಕ್ರಾನ್‌ವೆಲ್ ನೆಲೆಯಿಂದ ಬಂದಿದ್ದ ಆಕ್ಸ್‌ಫರ್ಡ್ ತರಬೇತಿ ವಿಮಾನಕ್ಕೆ ಆತನ ಸ್ಪಿಟ್‌ಫೈರ್ ಡಿಕ್ಕಿ ಹೊಡೆಯಿತು. ಮೋಡದ ಮೇಲಿರುವವನಿಗೆ ಕೆಳಗಿನವನು ಕಾಣ, ಕೆಳಗಿನವನಿಗೆ ಮೇಲಿನಿಂದ ಬರುವವನ ಅರಿವಿಲ್ಲ. ನಿಲ್ದಾಣಗಳು ಒತ್ತೊತ್ತಾಗಿದ್ದ ಆ ಪ್ರದೇಶದಲ್ಲಿ ಇಂಥ ಅಪಾಯ ಎಂದೂ ಇದ್ದದ್ದೇ. ಚಾಲಕ ಗಾಜಿನ ಮುಚ್ಚಳವನ್ನು ಹೆಣಗಿ ಸರಿಸಿ, ಎದ್ದು ನಿಂತು ಹೊರಗೆ ಹಾರಿದ್ದನ್ನು ರೈತನೊಬ್ಬ ನೋಡಿದ. ಪ್ಯಾರಾಚೂಟ್ ಬಿಚ್ಚಿಕೊಳ್ಳುವಷ್ಟು ಎತ್ತರ ಉಳಿದಿರಲಿಲ್ಲ. ಇನ್ನೊಂದು ವಿಮಾನದಲ್ಲಿದ್ದ ಅರ್ನೆಸ್ಟ್ ಗ್ರಿಫಿನ್ ಕೂಡ ಬದುಕಲಿಲ್ಲ. ಚಾಲಕನಾಗಲು ಇನ್ನೂ ಕಲಿಯುತ್ತಿದ್ದ ಆತನ ವಯಸ್ಸೂ 19.

ತರಬೇತಿ ಮತ್ತಿತರ ಅಪಘಾತಗಳಲ್ಲಿ ಬ್ರಿಟನ್ನಿನ ಬಾಂಬರ್ ಪಡೆಯೊಂದೇ ಆ ಯುದ್ಧದಲ್ಲಿ 8 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತು. ಅವರಲ್ಲಿ ಹೆಚ್ಚಿನವರ ಹೆಸರು ಮನೆಯವರ ನೆನಪಿನಾಚೆಗೆ ದಾಟಲಿಲ್ಲ. ಮೆಗೀಯ ಹೆಸರು ಉಳಿದದ್ದು ಪತ್ರದ ಹಿಂಬದಿಯ ಆ 14 ಸಾಲುಗಳಿಂದ. ಆಗ ವಾಷಿಂಗ್ಟನ್‌ನ ಚರ್ಚೊಂದರಲ್ಲಿ ಪಾದ್ರಿಯಾಗಿದ್ದ ತಂದೆ ಕವಿತೆಯನ್ನು ಚರ್ಚಿನ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದರು. ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರೂ ಕವಿಯೂ ಆಗಿದ್ದ ಆರ್ಚಿಬಾಲ್ಡ್ ಮೆಕ್ಲೀಶ್ 1942ರ ಫೆಬ್ರುವರಿಯಲ್ಲಿ ಅದನ್ನು ಪ್ರದರ್ಶನವೊಂದರಲ್ಲಿ ಇರಿಸಿದರು. ಗಗನಯಾತ್ರಿ ಮೈಕೆಲ್ ಕಾಲಿನ್ಸ್ 1966ರಲ್ಲಿ ಜೆಮಿನಿ 10 ನೌಕೆಯಲ್ಲಿ ಅದರ ಪ್ರತಿಯನ್ನು ಒಯ್ದರು. 1986ರಲ್ಲಿ ಚಾಲೆಂಜರ್ ನೌಕೆ ಸಿಡಿದು ಏಳು ಮಂದಿ ಸತ್ತ ದಿನ, ಅಧ್ಯಕ್ಷ ರೊನಾಲ್ಡ್ ರೇಗನ್ ತಮ್ಮ ಸಂತಾಪ ಭಾಷಣವನ್ನು ಅದರ ನುಡಿಗಳಿಂದಲೇ ಮುಗಿಸಿದರು.

ಸ್ಕಾಪ್‌ವಿಕ್ ಗ್ರಾಮದ ಸ್ಮಶಾನದಲ್ಲಿರುವ ಮೆಗೀಯ ಸಮಾಧಿಯ ಮೇಲೆ ಸುನೀತದ ಮೊದಲ ಮತ್ತು ಕೊನೆಯ ಸಾಲುಗಳನ್ನು ಕೆತ್ತಲಾಗಿದೆ. ಮಗನನ್ನು ಕಳೆದುಕೊಂಡ ಐದನೆಯ ವರ್ಷ, 1946ರಲ್ಲಿ, ತಂದೆ ಟೋಕಿಯೊದ ಯುದ್ಧಾಪರಾಧ ನ್ಯಾಯಮಂಡಳಿಯ ಮುಂದೆ ನಿಂತು ನಾನ್‌ಜಿಂಗ್‌ನಲ್ಲಿ ಕಂಡದ್ದಕ್ಕೆ ಸಾಕ್ಷಿ ನುಡಿದರು. ಅವರು ತೀರಿಕೊಂಡದ್ದು 1953ರಲ್ಲಿ. ಅವರ ಕ್ಯಾಮೆರಾ ಈಗ ನಾನ್‌ಜಿಂಗ್‌ನ ಹತ್ಯಾಕಾಂಡ ಸ್ಮಾರಕದಲ್ಲಿದೆ; ಮಗನ ಕೈಬರಹದ ಕವಿತೆ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ.